ಪ್ಲೇಗಿನ ಲಸಿಕೆ ಕೊಟ್ಟ ಹಾಫ್‌ಕಿನ್ ಮಹಾಶಯರು

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. ಆದರೆ ಈ ಹಾಫ್‌ಕಿನ್ ಯಾರು, ನಮ್ಮ ಜನಕ್ಕೆ ಅವರಿಂದಾದ ಉಪಕಾರವೇನು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಕಡಿಮೆ. ಅವರ ಜೀವನವನ್ನು ವಾಚಕರಿಗೆ ಸಂಕ್ಷೇಪವಾಗಿ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ. ಅವರದು ಯೆಹೂದಿ ಮನೆತನ. ಪ್ರಸಿದ್ಧ ವಿಜ್ಞಾನಿ ಮೆಚ್ನಿಕೋವರ ಶಿಷ್ಯರಾಗಿ ಕಲಿತರೂ, ಮತಾಂತರಕ್ಕೆ ಒಪ್ಪದ ಕಾರಣ ಸ್ವದೇಶದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಕಷ್ಟ ನಮಗೆ ಹೊಸದಲ್ಲ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಪುಸ್ತಕ ಭಂಡಾರದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಅವರು ಕಾಲರಾ ಕ್ರಿಮಿಗಳನ್ನು ಅಭ್ಯಸಿಸಿ ಒಂದು ಲಸಿಕೆಯನ್ನು ಸಿದ್ಧಗೊಳಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲ್ಕತ್ತೆಯ ಬಡವರ ಕೇರಿಗಳಲ್ಲಿ ಅದನ್ನು ಹಾಕತೊಡಗಿದರು.

ಲಸಿಕೆಯ ತತ್ತ್ವ ಸರಳವಾದುದು. ಒಮ್ಮೆ ಕಳ್ಳನ ಮುಖ ಕಂಡ ಕಾವಲುಗಾರನು ಅವನು ಮತ್ತೆ ಬಂದಾಗ ಕೂಡಲೇ ಗುರುತಿಸುತ್ತಾನೆ. ಹಾಗೆಯೇ ಸತ್ತ ಅಥವಾ ಶಕ್ತಿಗುಂದಿದ ರೋಗಾಣುಗಳನ್ನು ದೇಹಕ್ಕೆ ಸೇರಿಸಿದರೆ, ದೇಹವು ಅವುಗಳ ಗುರುತು ಹಿಡಿದು ಎದುರಿಸಲು ಅಣಿಯಾಗುತ್ತದೆ. ನಿಜವಾದ ರೋಗಾಣು ಬಂದಾಗ ಆ ಸಿದ್ಧತೆಯೇ ರಕ್ಷೆ.

1896ರಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿತು. ಗಿರಣಿಯ ಕೂಲಿಗಳೂ ವ್ಯಾಪಾರಿಗಳೂ ಲಕ್ಷಗಟ್ಟಲೆಯಾಗಿ ನಗರ ಬಿಟ್ಟು ಓಡಿದರು. ಸರಕಾರದ ಕರೆಯ ಮೇಲೆ ಬಂದ ಹಾಫ್‌ಕಿನ್‌ರು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಕುಳಿತರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟು ಅದರಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳೆಸಿದರು. ಕ್ರಿಮಿಗಳು ಆ ಹನಿಗಳಿಗೆ ಅಂಟಿಕೊಂಡು ಆಲದ ಬಿಳಲಿನಂತೆ ಕೆಳಗೆ ಇಳಿಯುತ್ತಿದ್ದುವು. ಕೆಲವು ವಾರಗಳಾದ ಮೇಲೆ ಅವನ್ನು ಕಾಯಿಸಿ ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನೂ ತಾವೇ ಮೊದಲು ಚುಚ್ಚಿಕೊಂಡರು. ಜ್ವರ, ನೋವುಗಳ ನಡುವೆಯೂ ಕೆಲಸ ನಿಲ್ಲಿಸಲಿಲ್ಲ. ಅನಂತರ ಬೈಕಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಹಾಕಿದರು. ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹೆಚ್ಚು ಮಂದಿಗೆ ರೋಗ ತಗುಲಿತು, ಹಾಕಿಸಿಕೊಂಡವರಲ್ಲಿ ತೀರ ಕಡಿಮೆ.

1898ರಲ್ಲಿ ಪ್ಲೇಗು ನಮ್ಮ ಹುಬ್ಬಳ್ಳಿಗೂ ಬೆಂಗಳೂರಿಗೂ ಬಂದಿತು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದುದೂ ಆ ಮಾರಿಯ ಹಿನ್ನೆಲೆಯಲ್ಲೇ. 1899ರಲ್ಲಿ ಹಾಫ್‌ಕಿನ್‌ರ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದು ನೆಲೆಸಿತು.

ಆದರೆ ಕೀರ್ತಿಯ ಬೆನ್ನಿಗೇ ಅಪವಾದವೂ ಕಾದಿತ್ತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ತಪ್ಪು ಪ್ರಯೋಗಶಾಲೆಯದೇ ಎಂದು ವಿಚಾರಣಾ ಮಂಡಲಿ ಹೇಳಿತು. ಹಾಫ್‌ಕಿನ್‌ರು ಹುದ್ದೆಯಿಂದ ದೂರವಾಗಬೇಕಾಯಿತು. ವಾಸ್ತವದಲ್ಲಿ, ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ಒಂದೇ ಸೀಸೆ ಕೆಟ್ಟು ಉಳಿದವು ನಿರ್ದೋಷವಾಗಿದ್ದುದೇಕೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಹಾಫ್‌ಕಿನ್‌ರು ಕೂಗಾಡಲಿಲ್ಲ, ಕಾಗದಪತ್ರ, ಪುರಾವೆಗಳನ್ನು ಹಿಡಿದು ವರ್ಷಗಟ್ಟಲೆ ಹೋರಾಡಿದರು. ಮಲೇರಿಯಾದ ಗುಟ್ಟು ಬಯಲುಮಾಡಿದ ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ಅವರ ಪರ ನಿಂತರು. ಅದೇ ವರ್ಷ ಅವರು ದೋಷಮುಕ್ತರಾದರು. ಪುನಃ ಕಲ್ಕತ್ತೆಗೆ ಬಂದು ದುಡಿದರಾದರೂ, ಕಳೆದುಹೋದ ವರ್ಷಗಳು ಮರಳಲಿಲ್ಲ. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನಿನಲ್ಲಿ ಅವರು ಕಣ್ಮುಚ್ಚಿದರು.

ಪರೇಲಿನ ಪ್ರಯೋಗಶಾಲೆಗೆ 1925ರಲ್ಲಿ ಅವರ ಹೆಸರನ್ನಿಡಲಾಯಿತು. 1964ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಪ್ಲೇಗಿಗೆ ಇಂದು ಬೇರೆ ಔಷಧಗಳಿವೆ. ಆದರೂ ಸತ್ತ ರೋಗಾಣುಗಳಿಂದ ರಕ್ಷೆ ಪಡೆಯುವ ಆ ತತ್ತ್ವ ಹಳತಾಗಿಲ್ಲ. 2021ರಲ್ಲಿ ನಮ್ಮಲ್ಲಿ ಅನೇಕರು ಹಾಕಿಸಿಕೊಂಡ ಕೋವ್ಯಾಕ್ಸಿನ್ ಸಹ ಅದೇ ಜಾತಿಯದು. ಪರರಿಗೆ ಕೊಡುವ ಮದ್ದನ್ನು ಮೊದಲು ತನ್ನ ಮೈಮೇಲೆ ಪರೀಕ್ಷಿಸಿಕೊಂಡ ಈ ಪರದೇಶಿಯ ಋಣ ನಮ್ಮ ಮೇಲೂ ಇದೆ.