‘ಏನಿಲ್ರಿ’ ಎನ್ನುವ ಮಗುವಿನ ಮಾತು ಕೇಳುವವರಾರು?

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43ರಷ್ಟು ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12. ಇಂತಹ ಅಂಕಿಗಳು ಹೊರಬಿದ್ದಾಗಲೆಲ್ಲ ಆಡಳಿತ ಯಂತ್ರ ಪ್ರತಿಕ್ರಿಯಿಸುವ ರೀತಿ ಹೆಚ್ಚುಕಡಿಮೆ ಒಂದೇ: ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು, ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಸರಣಿ ಪರೀಕ್ಷೆ, ‘ಪಾಸಿಂಗ್ ಪ್ಯಾಕೇಜ್’. ಇವುಗಳಲ್ಲಿ ಕೆಲವು ಉಪಯುಕ್ತವೇ. ಆದರೆ ಇವೆಲ್ಲವೂ ಮಗು ಬೆಂಚಿನ ಮೇಲೆ ಕುಳಿತಿದ್ದರೆ ಅದರ ಮನಸ್ಸೂ ಅಲ್ಲಿಯೇ ಇದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳನ್ನು ಹತ್ತಿರದಿಂದ ಬಲ್ಲವರು ಈ ನಂಬಿಕೆಯನ್ನು ಸುಲಭವಾಗಿ ಒಪ್ಪಲಾರರು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಈ ಮೂರೂ ತಾಲ್ಲೂಕುಗಳು ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಸಮಿತಿ ಬಳಸಿದ 35 ಸೂಚಕಗಳಲ್ಲಿ ಸಾಕ್ಷರತೆ, ಶಿಕ್ಷಕ–ವಿದ್ಯಾರ್ಥಿ ಅನುಪಾತ, ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಮಾಣ ಇವೆಲ್ಲ ಸೇರಿದ್ದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಆ ವರದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಎಣಿಕೆಗೆ ಸಿಗುವುದನ್ನಷ್ಟೇ ಸೂಚ್ಯಂಕ ಅಳೆಯಬಲ್ಲದು. ತೊಗರಿ ರಾಶಿ ಮುಗಿದ ಮೇಲೆ ತಂದೆತಾಯಿ ಮುಂಬೈಗೋ ಪುಣೆಗೋ ಗುಳೆ ಹೋದಾಗ ಅಜ್ಜಿಯ ಬಳಿ ಉಳಿಯುವ ಹುಡುಗ, ಹತ್ತಿ ಬಿಡಿಸುವ ಕಾಲದಲ್ಲಿ ವಾರಗಟ್ಟಲೆ ಗೈರುಹಾಜರಾಗುವ ಹುಡುಗಿ, ತಾಂಡಾದಲ್ಲಿ ಲಂಬಾಣಿ ಮಾತನಾಡಿ ಶಾಲೆಯಲ್ಲಿ ಪುಸ್ತಕದ ಕನ್ನಡಕ್ಕೆ ಮೌನವಾಗುವ ಮಗು ಹಾಜರಿ ಪುಸ್ತಕದಲ್ಲಿ ಒಂದು ಗುರುತಾಗಿ ಮಾತ್ರ ಕಾಣಿಸುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ನದಿದಂಡೆಯ ಊರುಗಳಲ್ಲಿ ಮುಳುಗಿದ್ದು ಹೊಲ ಮನೆಗಳಷ್ಟೇ ಅಲ್ಲ. ಪರಿಹಾರದ ಪಟ್ಟಿಯಲ್ಲಿ ಮಕ್ಕಳ ಭಯಕ್ಕೆ ಕಲಮು ಇರುವುದಿಲ್ಲ.

ಹೀಗೆ ಗೈರುಹಾಜರಾದ ಮಗುವನ್ನು ‘ಯಾಕೆ ಬರಲಿಲ್ಲ?’ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಏನಿಲ್ರಿ ಸರ’. ಬಹುತೇಕ ಶಿಕ್ಷಕರು ಅಲ್ಲಿಗೇ ನಿಲ್ಲುತ್ತಾರೆ, ಇಲ್ಲವೇ ಗದರುತ್ತಾರೆ. ‘ಅವ್ವ ಅಪ್ಪ ಊರಾಗ ಇಲ್ಲಂದ್ರ ಮನ್ಯಾಗ ಮನಸ್ಸು ನಿಲ್ಲಂಗಿಲ್ಲೇನು?’ ಎಂದು ಮೆಲ್ಲಗೆ ಕೇಳುವ ಶಿಕ್ಷಕರು ಈ ಭಾಗದಲ್ಲಿ ಇಲ್ಲವೆಂದಲ್ಲ. ಶಿಕ್ಷಕಿಯನ್ನು ‘ಅಕ್ಕೋರು’ ಎಂದು ಕರೆಯುವ ನಾಡಿದು. ಆದರೆ ಅಂಥವರು ತಮ್ಮ ಸ್ವಭಾವದಿಂದ ಹಾಗಿದ್ದಾರೆಯೇ ಹೊರತು ತರಬೇತಿಯಿಂದಲ್ಲ. ವ್ಯವಸ್ಥೆ ಅವರ ಗುಣವನ್ನು ಗುರುತಿಸುವುದೂ ಇಲ್ಲ.

ಈ ಗುಣವನ್ನು ಕಲಿಸಬಹುದು ಎಂದು ವಾದಿಸಿದವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ (1902–1987). ಆಪ್ತಸಮಾಲೋಚಕನಲ್ಲಿ ಅವರು ಮುಖ್ಯವಾಗಿ ಬಯಸಿದ್ದು ಮೂರು ಗುಣಗಳನ್ನು: ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಎದುರಿಗಿರುವವರ ಅನುಭವವನ್ನು ಅವರ ನೆಲೆಯಲ್ಲಿಯೇ ನಿಂತು ಅರಿಯುವ ಸಾಮರ್ಥ್ಯ. 1969ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನೇ ಅವರು ತರಗತಿಗೆ ಅನ್ವಯಿಸಿದರು. ಇದು ಬರಿಯ ಸದಾಶಯವಲ್ಲ. ಡೇವಿಡ್ ಆಸ್ಪಿ ಮತ್ತು ಫ್ಲೋರಾ ರೋಬಕ್ ಅಮೆರಿಕದ ಶಾಲೆಗಳಲ್ಲಿ ನಡೆಸಿದ ಅಧ್ಯಯನವನ್ನು 1977ರಲ್ಲಿ ಪ್ರಕಟಿಸಿದರು. ಈ ಗುಣಗಳು ಹೆಚ್ಚಾಗಿದ್ದ ಶಿಕ್ಷಕರ ಮಕ್ಕಳು ಶಾಲೆ ತಪ್ಪಿಸುವುದು ಕಡಿಮೆ, ಕಲಿಕೆಯಲ್ಲಿ ಅವರ ಗಳಿಕೆ ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿ. ತಮಗೆ ಹಿಡಿಸದವರಿಂದ ಮಕ್ಕಳು ಕಲಿಯುವುದಿಲ್ಲ ಎಂಬುದೇ ಆ ಪುಸ್ತಕದ ಶೀರ್ಷಿಕೆಯ ತಾತ್ಪರ್ಯ. ಫಲಿತಾಂಶದ ಭಾಷೆ ಮಾತ್ರ ಅರ್ಥವಾಗುವ ಅಧಿಕಾರಿಗಳಿಗೂ ಇದು ಮನದಟ್ಟಾಗಬೇಕು. ಇಂಗ್ಲಿಷಿನ ‘ಕೌನ್ಸೆಲಿಂಗ್’ ಎಂಬ ಮಾತಿನಲ್ಲಿಲ್ಲದ ‘ಆಪ್ತ’ ಎಂಬ ಪದವನ್ನು ಕನ್ನಡ ತಾನಾಗಿಯೇ ಸೇರಿಸಿಕೊಂಡಿರುವುದು ಈ ಸಂದರ್ಭದಲ್ಲಿ ಗಮನಾರ್ಹ.

ನಮ್ಮ ರಾಜ್ಯಕ್ಕೆ ಈ ದಾರಿ ಅಪರಿಚಿತವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರಿಷಿ ವ್ಯಾಲಿಯ ಪ್ರೇರಣೆಯಿಂದ ಆರಂಭವಾದ ನಲಿ–ಕಲಿ ಪದ್ಧತಿ ಮಗುವಿಗೆ ತನ್ನದೇ ವೇಗದಲ್ಲಿ ಕಲಿಯುವ ಸ್ವಾತಂತ್ರ್ಯ ಕೊಟ್ಟಿತು, ಶಿಕ್ಷಕರನ್ನು ಮಕ್ಕಳ ನಡುವೆ ನೆಲದ ಮೇಲೆ ಕೂರಿಸಿತು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ತೊಡಕೆಂದರೆ, ಕೆಳಗಿನ ತರಗತಿಗಳು ಮುಗಿಯುತ್ತಲೇ ಮಗು ಹಳೆಯ ವ್ಯವಸ್ಥೆಯ ಕೈಗೆ ಬೀಳುತ್ತದೆ. ಮನಸ್ಸಿನ ತಳಮಳ ಹೆಚ್ಚುವ ಎಂಟು, ಒಂಬತ್ತನೆಯ ತರಗತಿಯ ಹೊತ್ತಿಗೆ ಆ ಸಲಿಗೆಯ ನೆನಪೂ ಉಳಿದಿರುವುದಿಲ್ಲ.

ಈ ವಿಷಯಕ್ಕೆ ಈಗ ಕಾನೂನಿನ ಬಲವೂ ಒದಗಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನೋವಿಜ್ಞಾನಿಯೋ ಸಮಾಜ ಕಾರ್ಯಕರ್ತರೋ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಬೆಂಗಳೂರಿನ ಖಾಸಗಿ ಶಾಲೆಗೆ ಇದು ಒಂದು ಜಾಹೀರಾತಿನ ಪ್ರಶ್ನೆ. ಗಣಿತ, ವಿಜ್ಞಾನಕ್ಕೇ ಅತಿಥಿ ಶಿಕ್ಷಕರನ್ನು ನೆಚ್ಚಿಕೊಂಡಿರುವ ಗ್ರಾಮೀಣ ಪ್ರೌಢಶಾಲೆಗೆ ಸಮಾಲೋಚಕರು ಎಲ್ಲಿಂದ ಬರಬೇಕು? ಹುದ್ದೆ ಮಂಜೂರಾದರೂ ಮಹಾನಗರದಲ್ಲಿ ಓದಿದ ಪದವೀಧರರು ಅಫಜಲಪುರದ ಭೀಮಾತೀರದ ಹಳ್ಳಿಯಲ್ಲಿ ನೆಲೆ ನಿಲ್ಲುವುದು ಅನುಮಾನ. ನಿಂತರೂ ಅಲ್ಲಿನ ಮಾತಿನ ಒಳದನಿ ಅವರ ಕಿವಿಗೆ ಬೀಳಲು ವರ್ಷಗಳೇ ಬೇಕು.

ಆದ್ದರಿಂದ ಇದ್ದವರನ್ನೇ ಸಜ್ಜುಗೊಳಿಸುವುದು ಕಾರ್ಯಸಾಧ್ಯ ಮಾರ್ಗ. ಡಾ. ಸಿ.ಆರ್. ಚಂದ್ರಶೇಖರ್ ಅವರು ಮನೋವೈದ್ಯರಲ್ಲದ ಸಾಮಾನ್ಯರಿಗೂ ಆಪ್ತಸಲಹೆಯ ತರಬೇತಿ ನೀಡಿ ಕನ್ನಡದಲ್ಲಿ ಇದು ಸಾಧ್ಯವೆಂದು ತೋರಿಸಿದ್ದಾರೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಮನೋವಿಜ್ಞಾನದ ವಿಭಾಗವೂ ಇದೆ, ಶಿಕ್ಷಣದ ವಿಭಾಗವೂ ಇದೆ. ಅದರ ವಿದ್ಯಾರ್ಥಿಗಳಿಗೆ ಮೂರು ತಾಲ್ಲೂಕುಗಳ ಪ್ರೌಢಶಾಲೆಗಳು ಕ್ಷೇತ್ರಕಾರ್ಯದ ನೆಲೆಯಾಗಬಹುದು, ಶಿಕ್ಷಕರಿಗೆ ಅದರ ಅಧ್ಯಾಪಕರು ಮಾರ್ಗದರ್ಶಕರಾಗಬಹುದು. ಅತಿಥಿ ಶಿಕ್ಷಕರು ವರ್ಷಕ್ಕೊಮ್ಮೆ ಬದಲಾಗುವುದರಿಂದ ಅವರಿಗಷ್ಟೇ ಕೊಟ್ಟ ತರಬೇತಿ ಪ್ರತಿ ಬೇಸಿಗೆಯಲ್ಲೂ ಸೋರಿಹೋಗುತ್ತದೆ. ಕಾಯಂ ಶಿಕ್ಷಕರ ಜೊತೆಗೆ ಹಾಸ್ಟೆಲ್‌ಗಳ ನಿಲಯಪಾಲಕರನ್ನೂ ಕಸ್ತೂರಬಾ ಬಾಲಿಕಾ ವಿದ್ಯಾಲಯದ ವಾರ್ಡನ್‌ಗಳನ್ನೂ ಸೇರಿಸಿಕೊಳ್ಳಲೇಬೇಕು. ರಾತ್ರಿ ಅಳುವ ಮಗುವಿನ ದನಿ ಕೇಳುವುದು ಅವರಿಗೇ.

ತರಬೇತಿಯಲ್ಲಿ ಎಚ್ಚರವೂ ಬೇಕು. ಆಲಿಸಲು ಕಲಿತ ಶಿಕ್ಷಕ ಮನೋವೈದ್ಯನಲ್ಲ. ಆತ್ಮಹತ್ಯೆಯ ಮಾತಾಡುವ ಮಗುವನ್ನು ಯಾವ ಆಸ್ಪತ್ರೆಗೆ ಕಳುಹಿಸಬೇಕು, ದೂರವಾಣಿ ನೆರವಿನ ಟೆಲಿ ಮಾನಸ್ (14416) ಯಾವಾಗ ಉಪಯೋಗಕ್ಕೆ ಬರುತ್ತದೆ ಎಂಬುದು ಆತನಿಗೆ ಬಾಯಿಪಾಠವಾಗಿರಬೇಕು. ಅದಕ್ಕಿಂತ ಕಠಿಣವಾದುದು ಗುಟ್ಟಿನ ಪ್ರಶ್ನೆ. ಮಗು ನಂಬಿ ಹೇಳಿದ್ದನ್ನು ಶಿಕ್ಷಕರ ಕೊಠಡಿಯಲ್ಲಿ ಹರಟೆಗೆ ತರುವುದು ದ್ರೋಹ. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಅದನ್ನು ವರದಿ ಮಾಡುವುದು ಕಡ್ಡಾಯ. ಒಂಬತ್ತನೆಯ ತರಗತಿಯ ಹುಡುಗಿ ತನ್ನ ಮದುವೆ ನಿಶ್ಚಯವಾಗಿದೆಯೆಂದು ಪಿಸುಗುಟ್ಟಿದರೆ ಕೇಳಿಸಿಕೊಂಡು ಸುಮ್ಮನಿರಲಾಗದು. 1098ಕ್ಕೆ ಕರೆ ಹೋಗಬೇಕು. ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂಬುದನ್ನು ಮೊದಲೇ ಮಗುವಿಗೆ ಹೇಳುವುದೇ ರೋಜರ್ಸ್ ಹೇಳಿದ ಪ್ರಾಮಾಣಿಕತೆ. ಇದನ್ನು ಉಪನ್ಯಾಸದಿಂದ ಕಲಿಸಲಾಗದು. ಪಾತ್ರಾಭಿನಯ, ಪರಸ್ಪರ ಆಲಿಸುವ ಅಭ್ಯಾಸ, ನಿಜವಾದ ಪ್ರಸಂಗಗಳ ಚರ್ಚೆ ತಿಂಗಳುಗಟ್ಟಲೆ ನಡೆಯಬೇಕು. ಶಿಕ್ಷಕರನ್ನು ಸಭಾಂಗಣದಲ್ಲಿ ತುಂಬಿ, ಪರದೆಯ ಮೇಲೆ ಸ್ಲೈಡುಗಳನ್ನು ಓಡಿಸಿ, ಸಂಜೆ ಸಹಿ ಪಡೆದು ಕಳುಹಿಸುವ ಕಾರ್ಯಾಗಾರ ಇದಕ್ಕೆ ಒಗ್ಗದು. ನೋಟಿಸಿನ ಭಯದಲ್ಲಿರುವ ಶಿಕ್ಷಕನಿಂದ ಮಗುವಿಗೆ ಅಭಯ ಸಿಗುವುದಿಲ್ಲ.

ಹಣದ ಮಾತು ಬರುವುದು ಸಹಜ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025–26ರ ಬಜೆಟ್‌ನಲ್ಲಿ ಘೋಷಿಸಲಾದ ಅನುದಾನ 5,000 ಕೋಟಿ ರೂಪಾಯಿ. ಶಿಕ್ಷಣಕ್ಕೆಂದೇ ಮಂಡಳಿ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮವನ್ನು ರೂಪಿಸಿದೆ. ಕೊಠಡಿ, ಪೀಠೋಪಕರಣಗಳಿಗೆ ಹರಿಯುವ ಮೊತ್ತದ ಮುಂದೆ ಮೂರು ತಾಲ್ಲೂಕುಗಳ ಪ್ರತಿ ಪ್ರೌಢಶಾಲೆಯ ಇಬ್ಬರು ಶಿಕ್ಷಕರಿಗೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರುವಂತೆ, ಒಂದು ವರ್ಷದ ತರಬೇತಿ ಕೊಡುವ ವೆಚ್ಚ ಅತ್ಯಲ್ಪ. ಅವರ ಬೋಧನೆಯ ಅವಧಿಯಲ್ಲಿ ವಾರಕ್ಕೆ ನಾಲ್ಕು ಪೀರಿಯಡ್‌ಗಳನ್ನು ಈ ಕೆಲಸಕ್ಕೆ ಬಿಟ್ಟುಕೊಡುವ ಆದೇಶವೂ ಜೊತೆಯಲ್ಲಿಯೇ ಹೊರಡಬೇಕು. ಇಲ್ಲವಾದರೆ ಇದು ಬಿಸಿಯೂಟದ ಲೆಕ್ಕ, ಮತಪಟ್ಟಿಯ ಕೆಲಸಗಳ ಸಾಲಿಗೆ ಸೇರುವ ಮತ್ತೊಂದು ಹೊರೆಯಾದೀತು. ಮೊದಲು ಜೇವರ್ಗಿಯ ಹತ್ತು ಶಾಲೆಗಳಲ್ಲಿ ಆರಂಭಿಸಿ, ಮೂರು ವರ್ಷ ಹಾಜರಾತಿಯನ್ನು ತಾಳೆ ನೋಡಿ, ಅನಂತರ ಉಳಿದೆಡೆಗೆ ಒಯ್ಯಬಹುದು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಆ ಹತ್ತು ಶಾಲೆಗಳ ಹೆಸರನ್ನು ಪ್ರಕಟಿಸಲು ಇಲಾಖೆಗೆ ಯಾವ ಅಡ್ಡಿಯೂ ಇಲ್ಲ.