ಪರಮಾಣು ಗೊಂಚಲಿಗೆ ಲೇಸರ್ ಪೆಟ್ಟು

ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ವಾಲ್ವಿನ ಬಳಿ ಬೆರಳಿಟ್ಟು ನೋಡಿ. ರಭಸದಿಂದ ಹೊರಬರುವ ಗಾಳಿ ತಣ್ಣಗೆ ತಗಲುತ್ತದೆ. ಒತ್ತಡದಲ್ಲಿದ್ದ ಅನಿಲ ಒಮ್ಮೆಲೇ ಹಿಗ್ಗಿದರೆ ತಣ್ಣಗಾಗುತ್ತದೆ. ಇದೇ ತತ್ವ ಬಳಸಿ ವಿಜ್ಞಾನಿಗಳು ಆರ್ಗಾನ್ ಅನಿಲವನ್ನು ಕಿರಿದಾದ ರಂಧ್ರದ ಮೂಲಕ ನಿರ್ವಾತದೊಳಕ್ಕೆ ಚಿಮ್ಮಿಸುತ್ತಾರೆ. ಆಗ ಉಂಟಾಗುವ ಚಳಿಗೆ, ಯಾರ ಸಂಗವೂ ಬೇಡವೆನ್ನುವ ಆರ್ಗಾನ್ ಪರಮಾಣುಗಳೂ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗುತ್ತವೆ. ಒಂದು ಗೊಂಚಲಿನಲ್ಲಿ ಸಾವಿರಾರು ಪರಮಾಣುಗಳಿದ್ದರೂ ಅದರ ಅಗಲ ಕೆಲವೇ ನ್ಯಾನೊಮೀಟರ್.

ಇದರ ಮೇಲೆ ಪ್ರಬಲ ಲೇಸರ್ ಮಿಡಿತವೊಂದು ಬಿದ್ದರೆ? ಮಿಡಿತದ ಅವಧಿ ಸುಮಾರು 100 ಫೆಮ್ಟೊಸೆಕೆಂಡ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಕೂಡ ಅಷ್ಟರಲ್ಲಿ ಕ್ರಮಿಸುವುದು 0.03 ಮಿಲಿಮೀಟರ್ ಮಾತ್ರ! ಇಂಥ ಕಿರುಮಿಡಿತಗಳನ್ನು ಬಲಪಡಿಸುವ ವಿಧಾನವನ್ನು 1985ರಲ್ಲಿ ಪ್ರಕಟಿಸಿದ ಡೊನ್ನಾ ಸ್ಟ್ರಿಕ್‌ಲೆಂಡ್ ಮತ್ತು ಜೆರಾರ್ ಮುರೂ ಅವರಿಗೆ 2018ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಲೇಸರಿನ ವಿದ್ಯುತ್ ಕ್ಷೇತ್ರ ಮೊದಲು ಪ್ರತಿ ಪರಮಾಣುವಿನಿಂದ ಒಂದೆರಡು ಎಲೆಕ್ಟ್ರಾನುಗಳನ್ನು ಕೀಳುತ್ತದೆ. ಪರಮಾಣು ಅಯಾನು ಆಗುತ್ತದೆ. ವಿರಳ ಅನಿಲದಲ್ಲಾದರೆ ಕಥೆ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಬೆಳಕಿನ ಬಹುಪಾಲು ಸುಮ್ಮನೆ ಹಾದುಹೋಗುತ್ತದೆ. ಘನವಸ್ತುವಾದರೆ ಹೀರಿದ ಶಕ್ತಿ ಒಳಕ್ಕೆ ಹರಿದು ಹಂಚಿಹೋಗುತ್ತದೆ. ಗೊಂಚಲಿನ ಸ್ಥಿತಿ ಎರಡಕ್ಕೂ ಭಿನ್ನ. ಅಲ್ಲಿ ಪರಮಾಣುಗಳು ಒತ್ತೊತ್ತಾಗಿವೆ. ಆದರೆ ಶಕ್ತಿಯನ್ನು ಹಂಚಿಕೊಳ್ಳಲು ಸುತ್ತ ಇರುವುದು ನಿರ್ವಾತ.

ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಧನ ಅಯಾನುಗಳು ಗೊಂಚಲಿನೊಳಗೇ ಹಿಡಿದಿಡುತ್ತವೆ. ಲೇಸರ್ ಅವನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಅವು ಅಕ್ಕಪಕ್ಕದವಕ್ಕೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಹೊರದಬ್ಬುತ್ತವೆ. ಗೊಂಚಲು ಪ್ಲಾಸ್ಮಾ ಉಂಡೆಯಾಗಿ ಉಬ್ಬತೊಡಗುತ್ತದೆ. ಉಬ್ಬುತ್ತಿರುವಾಗ ಒಂದು ಹಂತದಲ್ಲಿ ಎಲೆಕ್ಟ್ರಾನುಗಳ ಸಹಜ ತೂಗಾಟ ಲೇಸರಿನ ಆವೃತ್ತಿಗೆ ಸರಿಹೊಂದುತ್ತದೆ. ಉಯ್ಯಾಲೆಯನ್ನು ಹದವರಿತು ಜೀಕಿದಂತೆ ಶಕ್ತಿ ಏರುತ್ತದೆ. ಅನೇಕ ಎಲೆಕ್ಟ್ರಾನುಗಳು ಪಾರಾಗುತ್ತವೆ. ಉಳಿದ ಧನ ಅಯಾನುಗಳು ಪರಸ್ಪರ ದೂಡಿಕೊಂಡು ಗೊಂಚಲು ಸಿಡಿಯುತ್ತದೆ.

ಸಿಡಿತದ ಬಲವೆಷ್ಟು? 1997ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಕ್ಸೆನಾನ್ ಗೊಂಚಲುಗಳಿಂದ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಅಯಾನುಗಳನ್ನು ಪಡೆಯಿತು. 1999ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಭಾರಜಲಜನಕದ ಗೊಂಚಲುಗಳು ಸಿಡಿದಾಗ ಬೀಜಕಣಗಳು ಡಿಕ್ಕಿ ಹೊಡೆದು ಬೆಸೆದುಕೊಂಡವು; ಪ್ರತಿ ಮಿಡಿತಕ್ಕೆ ಸುಮಾರು 10,000 ನ್ಯೂಟ್ರಾನುಗಳು ಹೊಮ್ಮಿದವು. ಇದರಿಂದ ಮನೆಗೆ ವಿದ್ಯುತ್ ಬಂದೀತೆಂದು ಹಿಗ್ಗಬೇಕಿಲ್ಲ. ಲೇಸರಿಗೆ ಸುರಿದ ಶಕ್ತಿಯ ಮುಂದೆ ಬೆಸುಗೆಯಿಂದ ದೊರೆತದ್ದು ಲೆಕ್ಕಕ್ಕೇ ಇಲ್ಲ. ಆದರೆ ನ್ಯೂಟ್ರಾನುಗಳ ಪುಟ್ಟ ಆಕರವೊಂದು ಮೇಜಿನ ಮೇಲೆಯೇ ಸಾಧ್ಯವೆಂದು ಗೊತ್ತಾಯಿತು.

ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಇಟ್ಟರು. ವಿದ್ಯುದಂಶವಿಲ್ಲದ ಪರಮಾಣುವನ್ನು ವಿದ್ಯುತ್ ಕ್ಷೇತ್ರದಿಂದ ನೇರವಾಗಿ ವೇಗಗೊಳಿಸುವುದು ಕಷ್ಟ. ಸಿಡಿದೋಡುವ ಆರ್ಗಾನ್ ಅಯಾನುಗಳು ಸುತ್ತಲಿನ ಗೊಂಚಲುಗಳಿಂದ ಎಲೆಕ್ಟ್ರಾನುಗಳನ್ನು ಮರಳಿ ಪಡೆದು, ಅದೇ ವೇಗದಲ್ಲಿ ತಟಸ್ಥ ಪರಮಾಣುಗಳಾಗಿ ಸಾಗುವುದನ್ನು ಅವರು 2013ರಲ್ಲಿ ವರದಿ ಮಾಡಿದರು.

ಅನಿಲ ಹಿಗ್ಗಿ ತಣ್ಣಗಾಗುವುದು, ಅನುರಣನೆ, ಸಜಾತೀಯ ವಿದ್ಯುದಂಶಗಳ ವಿಕರ್ಷಣೆ – ಪರೀಕ್ಷೆಗೆಂದು ಬೇರೆಬೇರೆ ಅಧ್ಯಾಯಗಳಲ್ಲಿ ಓದುವ ಈ ಪಾಠಗಳೆಲ್ಲ ಈ ಪುಟ್ಟ ಗೊಂಚಲಿನಲ್ಲಿ ಒಟ್ಟಿಗೇ ಕೆಲಸಕ್ಕಿಳಿಯುತ್ತವೆ.