ರೋಟರಿ ಎಂಜಿನ್‌ ಬಿಸಿ ಅಳೆಯೋದು ಎಲ್ಲಿ?

ಲಕ್ಕೂರಿನಲ್ಲಿ ಕೂತು ಕೇಳ್ತಿದ್ದೀರಾ? ಈ ಕಥೆ ನಿಮ್ಮ ಜಿಲ್ಲೆಯದೇ. 2009ರ ಏಪ್ರಿಲ್ 5ರಂದು ಕೋಲಾರದ ಬಳಿ ‘ನಿಶಾಂತ್’ ಡ್ರೋನ್ ದೇಶೀಯ ವ್ಯಾಂಕೆಲ್ ರೋಟರಿ ಎಂಜಿನ್‌ನಲ್ಲಿ ಹಾರಿತು. ಎನ್‌ಎಎಲ್, ವಿಆರ್‌ಡಿಇ, ಎಡಿಇ ಸೇರಿ ಮಾಡಿದ ಈ ಎಂಜಿನ್ ತೂಕ ಸುಮಾರು 30 ಕೆ.ಜಿ.

ರೋಟರಿಯಲ್ಲಿ ಎಕ್ಸಾಸ್ಟ್ ವಾಲ್ವ್ ಇರಲ್ಲ. ಇನ್ನೂ ಉರಿಯುತ್ತಿರುವ ಅನಿಲ ಪೋರ್ಟ್‌ನಿಂದ ನೇರ ಹೊರಗೆ ನುಗ್ಗುತ್ತೆ. ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಟರ್ಬೊ ಹಾಕಿದರೆ ಆ ಬಿಸಿ ಮೊದಲು ಬಡಿಯೋದು ಟರ್ಬೈನ್‌ಗೆ.

ಅಳೆಯೋಕೆ ಥರ್ಮೋಕಪಲ್ ಬೇಕು: ಎರಡು ಬೇರೆ ಲೋಹದ ತಂತಿಗಳ ಬೆಸುಗೆ. ಕೆ-ಟೈಪ್ ಆದರೆ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತೆ. ಅದನ್ನು ಟರ್ಬೈನ್‌ಗಿಂತ ಮುಂಚೆಯೇ ಇಡಬೇಕು. ಯಾಕಂದ್ರೆ ಟರ್ಬೈನ್ ತಿರುಗಿಸಿದ ಅನಿಲ ತಣ್ಣಗಾಗಿರುತ್ತೆ. ಅಲ್ಲಿ ಅಳೆದರೆ ಮೀಟರ್ ‘ಓಕೆ’ ಅನ್ನುತ್ತೆ, ಒಳಗೆ ಬ್ಲೇಡ್ ಸುಡ್ತಿರುತ್ತೆ.